ಚಾರ್ಟ್‌ನಲ್ಲಿ ಎತ್ತರ ಸರಿಯಾಗೇ ಅಚ್ಚಾಗಿದ್ರೂ ಪೈಲಟ್‌ಗಳು ಕೆಳಗೆ ಹಾರೋದು ಹೇಗೆ?

ಮೋಡದಂಚು
ಅಪಘಾತಗಳ ತನಿಖಾ ವರದಿ ಓದ್ತಾ ಹೋದ್ರೆ ಒಂದೇ ಮಾತು ಬೇರೆಬೇರೆ ರೂಪದಲ್ಲಿ ಎದುರಾಗತ್ತೆ: ಕನಿಷ್ಠ ಎತ್ತರ ಚಾರ್ಟ್‌ನಲ್ಲಿ (ಇಳಿಯೋ ದಾರಿಯ ನಕ್ಷೆಯಲ್ಲಿ) ಇತ್ತು, ವಿಮಾನ ಅದಕ್ಕಿಂತ ಕೆಳಗಿತ್ತು. 1992ರ ಸೆಪ್ಟೆಂಬರ್ 28ರಂದು ಕಠ್ಮಂಡು ಹತ್ತಿರ ಗುಡ್ಡಕ್ಕೆ ಬಡಿದ ಪಾಕಿಸ್ತಾನದ ಪಿಐಎ ಕಂಪನಿಯ ಫ್ಲೈಟ್ 268 ನೋಡಿ. ಏರ್‌ಬಸ್ ಎ300, 167 ಜನ, ಒಬ್ಬರೂ ಉಳೀಲಿಲ್ಲ. ಮುಂದೆ ಇಬ್ಬರು ಪೈಲಟ್, ಕಣ್ಣೆದುರಿಗೇ ಕಾಗದ. ಒಂದು ಅಂಕಿ ಓದೋಕೆ ಅಷ್ಟು ಕಷ್ಟಾನಾ? ಅಕ್ಷರ ಸಣ್ಣದಾ, ಆತುರಾನಾ, ತರಬೇತಿ ಸಾಲದಾ? ಗೊತ್ತಿರೋರು ಬಿಡಿಸಿ ಹೇಳಿ. ‘ಪೈಲಟ್ ತಪ್ಪು’ ಅಂತ ಎರಡೇ ಪದದಲ್ಲಿ ಮುಗಿಸಬೇಡಿ, ಅದು ವರದಿಯಲ್ಲೇ ಇದೆ.

ಹಳದಿಗೆರೆ
ಆತುರ. ಮುಗೀತು.

ಎಡಸೀಟು
ಆತುರ ಇದ್ದೇ ಇರತ್ತೆ, ಆದ್ರೆ ಅದು ಉತ್ತರ ಅಲ್ಲ. ಅಂಕಿ ಓದೋದ್ರಲ್ಲಿ ತಪ್ಪಾಗೋದು ತೀರಾ ಅಪರೂಪ. ಆ ಅಂಕಿ ಯಾವುದಕ್ಕೆ ಸೇರಿದ್ದು ಅನ್ನೋದ್ರಲ್ಲಿ ತಪ್ಪಾಗತ್ತೆ.

ಕಠ್ಮಂಡುನೇ ತಗೊಳ್ಳಿ. ದಕ್ಷಿಣದಿಂದ ಬರುವಾಗ ಬೆಟ್ಟಸಾಲು ದಾಟಬೇಕು, ಹಾಗಾಗಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯೋದು. ಡಿಎಂಇ (ನೆಲದ ರೇಡಿಯೊ ಕೇಂದ್ರದಿಂದ ಎಷ್ಟು ಮೈಲಿ ಅಂತ ತೋರಿಸೋ ಸಾಧನ) ದೂರ ಇಷ್ಟಾದಾಗ ಇಷ್ಟು ಎತ್ತರ, ಮುಂದಿನ ದೂರಕ್ಕೆ ಮುಂದಿನ ಎತ್ತರ. ‘ಸಿಯೆರ್ರಾ’ ಅನ್ನೋ ಫಿಕ್ಸ್ (ಮಾರ್ಗದ ಮೇಲಿನ ಗುರುತಿನ ಬಿಂದು) 10 ಡಿಎಂಇನಲ್ಲಿ, ಅಲ್ಲಿ 9,500 ಅಡಿ ಇರಬೇಕಿತ್ತು. ಅವರು ಅದನ್ನ ದಾಟಿದ್ದು 8,200ರ ಆಸುಪಾಸಿನಲ್ಲಿ. 8,200 ಕೂಡ ಅದೇ ಚಾರ್ಟ್‌ನಲ್ಲಿದ್ದ ಅಂಕಿ, ಮುಂದಿನ ಮೆಟ್ಟಿಲಿನದು. ರೈಲಿನ ವೇಳಾಪಟ್ಟಿಯಲ್ಲಿ ಕಣ್ಣು ಒಂದು ಸಾಲು ಕೆಳಗೆ ಜಾರಿದ ಹಾಗೆ, ಇಡೀ ಇಳಿತ ಒಂದು ಮೆಟ್ಟಿಲು ಮುಂಚೆ ನಡೀತು. ಓದಿದ ಪ್ರತಿ ಅಂಕಿಯೂ ನಿಜ, ಸೇರಿದ ಜಾಗ ಸುಳ್ಳು.

ಪ್ರೊಫೈಲ್ ಚಿತ್ರದಲ್ಲಿ (ಇಳಿತವನ್ನ ಪಕ್ಕದಿಂದ ತೋರಿಸೋ ಚಿತ್ರ) ಅಂಕಿ ಫಿಕ್ಸ್‌ನ ಮೇಲೆ ನಿಂತಿದೆಯಾ, ಎರಡು ಫಿಕ್ಸ್‌ಗಳ ನಡುವಿನ ಗೆರೆಯ ಮೇಲಾ ಅಂತ ನೋಡಬೇಕು. ಮೇಲಿದ್ರೆ ದಾಟುವಾಗಿನ ಎತ್ತರ, ನಡುವೆ ಇದ್ರೆ ಆ ಭಾಗದ ನೆಲೆ. ಅಡಿಗೆರೆ ಇದ್ರೆ ‘ಇದಕ್ಕಿಂತ ಕೆಳಗಿಲ್ಲ’, ಮೇಲ್ಗೆರೆ ಇದ್ರೆ ‘ಇದಕ್ಕಿಂತ ಮೇಲಿಲ್ಲ’, ಎರಡೂ ಇದ್ರೆ ‘ಇಷ್ಟೇ’. ಕಾಲು ಮಿಲಿಮೀಟರ್ ಗೆರೆ ಅದು.

ಕಡಲತಡಿ
ಸರಿಯಾಗಿ ಹೇಳಿದ್ರಿ. ಇದಕ್ಕಿಂತ ವಿಚಿತ್ರದ್ದು ಒಂದು ಉಂಟು ನೋಡಿ. ಟಿಡಬ್ಲ್ಯೂಎ 514, 1974ರ ಡಿಸೆಂಬರ್ 1, ವಾಷಿಂಗ್ಟನ್ ಡಲ್ಲಸ್‌ಗೆ ಇಳಿಯುವಾಗ ಮೌಂಟ್ ವೆದರ್‌ಗೆ ಹೊಡೆದದ್ದು. 92 ಜನ. ಕಂಟ್ರೋಲರ್ ‘ಅಪ್ರೋಚ್‌ಗೆ ಕ್ಲಿಯರ್’ (ಇಳಿಯುವ ಮಾರ್ಗಕ್ಕೆ ಅನುಮತಿ) ಅಂದರು, ಇವರು 1,800 ಅಡಿಗೆ ಇಳಿಯಲಿಕ್ಕೆ ಶುರು. ರೌಂಡ್ ಹಿಲ್ ಫಿಕ್ಸ್ ದಾಟುವವರೆಗೆ 3,400 ಅಂತ ಚಾರ್ಟ್‌ನ ಪ್ಲಾನ್ ಚಿತ್ರದಲ್ಲಿ (ಮೇಲಿನಿಂದ ನೋಡಿದ ನಕ್ಷೆ) ಇತ್ತು. ಪ್ರೊಫೈಲ್ ಚಿತ್ರದಲ್ಲಿ ಆ 3,400 ಇಲ್ಲ, ಅಲ್ಲಿ ಕಾಣುವುದು 1,800.

ಕ್ಯಾಪ್ಟನ್ ಆ 3,400ನ್ನು ನೋಡಿದ್ದಾರೆ ಮಾರಾಯ್ರೆ, ಬಾಯಿಬಿಟ್ಟು ಹೇಳಿದ್ದೂ ಕಾಕ್‌ಪಿಟ್ ರೆಕಾರ್ಡಿಂಗ್‌ನಲ್ಲಿ ಉಂಟು. ಆಮೇಲೆ ಕ್ಲಿಯರೆನ್ಸ್ ಕೊಟ್ಟಾಯ್ತಲ್ಲ, ಹಾಗಾದರೆ ಇಳಿಯಬಹುದು ಅಂತ ತೀರ್ಮಾನ ಮಾಡಿಕೊಂಡರು. ಕಣ್ಣಿನ ತಪ್ಪು ಇಲ್ಲವೇ ಇಲ್ಲ. ಆ ಶಬ್ದಕ್ಕೆ ಪೈಲಟ್ ಇಟ್ಟುಕೊಂಡ ಅರ್ಥ ಒಂದು, ಕಂಟ್ರೋಲರ್ ಇಟ್ಟುಕೊಂಡದ್ದು ಇನ್ನೊಂದು.

ಮೋಡದಂಚು
ಇದು ಗೊತ್ತಿರ್ಲಿಲ್ಲ. ಈಗ ನಿಯಮ ಏನಿದೆ?

ಕಡಲತಡಿ
ಪ್ರಕಟಿತ ಮಾರ್ಗದ ಮೇಲೆ ಕೂರುವವರೆಗೆ ಕೊನೆಗೆ ಕೊಟ್ಟ ಎತ್ತರ ಬಿಡುವ ಹಾಗಿಲ್ಲ. ಕೂತ ಮೇಲೆ ಆಯಾ ಭಾಗದ ಕನಿಷ್ಠ ಎತ್ತರ. ಅನುಮಾನ ಬಂದರೆ ಕೇಳುವುದು, ಊಹೆ ಮಾಡುವುದಲ್ಲ. ಅಮೆರಿಕದಲ್ಲಿ ದೊಡ್ಡ ವಿಮಾನಗಳಿಗೆ ನೆಲ ಸಮೀಪಿಸುವ ಎಚ್ಚರಿಕೆ ಯಂತ್ರ, ಅಂದರೆ ಜಿಪಿಡಬ್ಲ್ಯೂಎಸ್, ಕಡ್ಡಾಯ ಆದದ್ದೂ ಇದರ ನಂತರವೇ. ಅದೇ ಜಾಗದಲ್ಲಿ ಆರು ವಾರ ಮೊದಲು ಬೇರೆ ಕಂಪನಿಯ ವಿಮಾನ ಹಾಗೆಯೇ ಇಳಿದು ಕೂದಲೆಳೆಯಲ್ಲಿ ಪಾರಾಗಿತ್ತು. ಆ ಸುದ್ದಿ ಅವರ ಕಂಪನಿಯ ಒಳಗೇ ಉಳಿಯಿತು. ಪೈಲಟ್‌ಗಳು ಹೆಸರು ಹೊರಗೆ ಬಾರದಂತೆ ತಪ್ಪು ವರದಿ ಮಾಡುವ ನಾಸಾದ ವ್ಯವಸ್ಥೆ 1976ರಲ್ಲಿ ಬಂದದ್ದು ಆ ಕಾರಣಕ್ಕೆ.

ಬಯಲುಗಾಳಿ
ಸ್ಟ್ರಾಸ್‌ಬರ್ಗ್ ಯಾರೂ ಹೇಳ್ಲಿಲ್ಲಲ್ರಿ. 1992ರ ಜನವರಿ 20, ಏರ್ ಇಂಟರ್ 148, ಎ320. 96 ಮಂದಿಯೊಳಗ 87 ಮಂದಿ ಹೋದ್ರು. ಚಾರ್ಟ್ ಪ್ರಕಾರ 3.3 ಡಿಗ್ರಿ ಇಳಿಜಾರು. ಆ ವಿಮಾನದಾಗ ಒಂದೇ ನಾಬ್ ತಿರುಗಿಸಿ ಇಳಿಜಾರಿನ ಕೋನಾನೂ ಹಾಕಬಹುದು, ನಿಮಿಷಕ್ಕ ಎಷ್ಟು ಅಡಿ ಇಳೀಬೇಕು ಅನ್ನೂದನ್ನೂ ಹಾಕಬಹುದು. ಯಾವುದು ಅಂತ ಬ್ಯಾರೆ ಬಟನ್ ಒತ್ತಿ ಆರಿಸೂದು. ಕೋನದ ಮೋಡ್‌ನ್ಯಾಗ ಕಿಟಕಿಯೊಳಗ (ನಾಬ್ ಮ್ಯಾಲಿನ ಅಂಕಿ ತೋರಿಸೂ ಜಾಗ) ಕಾಣೂದು ‘-3.3’. ಇನ್ನೊಂದು ಮೋಡ್‌ನ್ಯಾಗ ‘-33’, ಅಂದ್ರ ನಿಮಿಷಕ್ಕ 3,300 ಅಡಿ. ನಡುವ ಒಂದು ಚುಕ್ಕಿ ಅಷ್ಟ. ರಾತ್ರಿ, ಮೋಡ, ಜಿಪಿಡಬ್ಲ್ಯೂಎಸ್ ಹಾಕಿರಲಿಲ್ಲ.

145 ನಾಟ್ (ತಾಸಿಗೆ ಇಷ್ಟು ನಾಟಿಕಲ್ ಮೈಲಿ) ವೇಗಕ್ಕ 3.3 ಡಿಗ್ರಿ ಅಂದ್ರ ನಿಮಿಷಕ್ಕ ಸುಮಾರು 800 ಅಡಿ ಆಗತೈತಿ. ಇವರು ಇಳದದ್ದು ಅದರ ನಾಕು ಪಟ್ಟು. ಆಮ್ಯಾಲೆ ಏರ್‌ಬಸ್ ಆ ಕಿಟಕಿಯೊಳಗ ಪೂರ್ತಿ ನಾಕು ಅಂಕಿ ತೋರಿಸೂ ಹಂಗ ಬದಲು ಮಾಡಿತು.

ಹಳದಿಗೆರೆ
ಅದು ಚಾರ್ಟ್ ಓದೋ ತಪ್ಪಲ್ಲ, ನಾಬ್ ತಪ್ಪು. ವಿಷಯ ಬಿಟ್ಟು ಹೋಗ್ತಾ ಇದೀರಿ.

ಬಯಲುಗಾಳಿ
ಚಾರ್ಟ್‌ನ ಅಂಕಿ ಕಣ್ಣಿಂದ ಮಿದುಳಿಗೆ, ಮಿದುಳಿಂದ ಬೆರಳಿಗೆ, ಬೆರಳಿಂದ ಯಂತ್ರಕ್ಕ ಹೋಗಬೇಕಲ್ರಿ. ದಾರಿಯೊಳಗ ಎಲ್ಲಿ ಕೆಟ್ರೂ ಫಲ ಒಂದ. 1990ರ ಫೆಬ್ರವರಿ 14ರ ಬೆಂಗಳೂರಿನ ಇಂಡಿಯನ್ ಏರ್‌ಲೈನ್ಸ್ ಐಸಿ 605 ಆದ್ರೂ ಇದ ಜಾತಿ. 146 ಮಂದಿಯೊಳಗ 92 ಸಾವು. ನಿಮಿಷಕ್ಕ 700 ಅಡಿ ಇಳಿತ ಹಾಕೂ ಬದಲು ಪಕ್ಕದ ನಾಬ್ ತಿರುಗಿಸಿ ಎತ್ತರ 700 ಅಡಿ ಅಂತ ಹಾಕಿರಬೇಕು ಅಂತ ತನಿಖೆಯ ಊಹೆ. ಎಂಜಿನ್ ಐಡಲ್‌ಗೆ (ಕನಿಷ್ಠ ಶಕ್ತಿಗೆ) ಬಂದು, ವೇಗ ಕುಸಿದು, ರನ್‌ವೇ ಮುಂಚೇನ ಕೂತುಬಿಟ್ಟಿತು.

ಎಡಸೀಟು
ಹಳದಿಗೆರೆ ಹೇಳೋದ್ರಲ್ಲೂ ಅರ್ಥ ಇದೆ, ಎರಡನ್ನೂ ಬೇರೆ ಇಡೋದು ಒಳ್ಳೇದು. ಆದ್ರೆ ಚಾರ್ಟ್ ಮತ್ತು ಯಂತ್ರ ಎರಡೂ ಸೇರಿ ಮೋಸ ಮಾಡಿದ ಉದಾಹರಣೆ ಬೇಕಂದ್ರೆ ಕ್ಯಾಲಿ ಇದೆ. ಕೊಲಂಬಿಯ, 1995ರ ಡಿಸೆಂಬರ್ 20, ಅಮೆರಿಕನ್ 965, ಬೋಯಿಂಗ್ 757, 159 ಸಾವು.

ರನ್‌ವೇ 01ಕ್ಕೆ ತಯಾರಾಗಿದ್ರು. ‘ನೇರವಾಗಿ 19ಕ್ಕೆ ಬರ್ತೀರಾ’ ಅಂತ ಕೇಳಿದಾಗ ಒಪ್ಪಿಕೊಂಡ್ರು. ಸಮಯ ಕಮ್ಮಿ, ಎತ್ತರ ಜಾಸ್ತಿ, ಸ್ಪೀಡ್‌ಬ್ರೇಕ್ (ರೆಕ್ಕೆ ಮೇಲೆ ಎದ್ದು ನಿಲ್ಲೋ ಹಲಗೆ) ಎತ್ತಿ ಇಳಿಸೋಕೆ ಶುರು. ಅದಕ್ಕೂ ಮುಂಚೆ ಎಫ್‌ಎಂಎಸ್‌ನಲ್ಲಿ (ಮಾರ್ಗ ನಡೆಸೋ ಕಂಪ್ಯೂಟರ್) ‘ಡೈರೆಕ್ಟ್ ಕ್ಯಾಲಿ’ ಹಾಕಿದ್ರು, ಹಾಕಿದ ತಕ್ಷಣ ನಡುವಿನ ತುಲುವಾ ಫಿಕ್ಸ್ ಪಟ್ಟಿಯಿಂದ ಅಳಿದುಹೋಯ್ತು. ಕಂಟ್ರೋಲರ್ ಮಾತ್ರ ತುಲುವಾ ದಾಟಿದಾಗ ಹೇಳಿ ಅಂತಿದ್ದಾರೆ. ಕೊನೆಗೆ ರೋಸೊ ಬೀಕನ್‌ಗೆ (ದಾರಿ ತೋರಿಸೋ ರೇಡಿಯೊ ಕೇಂದ್ರ) ಹೋಗೋಣ ಅಂತ ಚಾರ್ಟ್ ನೋಡಿದ್ರೆ ಅದರ ಗುರುತು ‘ಆರ್’. ‘ಆರ್’ ಒತ್ತಿದ್ರು, ಬಂದ ಪಟ್ಟಿಯ ಮೊದಲನೇದನ್ನ ಆರಿಸಿದ್ರು. ಅದು ಬೊಗೋಟಾ ಹತ್ತಿರದ ರೋಮಿಯೊ. ಡೇಟಾಬೇಸ್‌ನಲ್ಲಿ ರೋಸೊ ಬೇಕಂದ್ರೆ ಪೂರ್ತಿ ಹೆಸರು ಒತ್ತಬೇಕಿತ್ತು. ವಿಮಾನ ಎಡಕ್ಕೆ, ಬೆಟ್ಟದ ಕಡೆ ತಿರುಗ್ತು. ತಿಳಿದ ಮೇಲೆ ವಾಪಸ್ ಬಲಕ್ಕೆ ತಿರುಗಿಸಿದ್ರೇ ಹೊರತು ಇಳಿಯೋದು ನಿಲ್ಲಿಸಲಿಲ್ಲ. ಎಚ್ಚರಿಕೆ ಕೂಗಿದಾಗ ಎಂಜಿನ್ ಪೂರ್ತಿ ಕೊಟ್ರು, ಸ್ಪೀಡ್‌ಬ್ರೇಕ್ ಮಡಚೋದು ಮರೆತುಹೋಗಿತ್ತು.

ನೂರಡಿ
ಇದ್ರಿಂದ ಬಂದ ಪಾಠ ಒಂದು: ಡೈರೆಕ್ಟ್ ಹಾಕಿ ಎಕ್ಸಿಕ್ಯೂಟ್ ಒತ್ತೋ ಮುಂಚೆ ಹೊಸ ಗೆರೆ ಎಲ್ಲಿಗೆ ಹೋಗ್ತಿದೆ ಅಂತ ಇಬ್ಬರೂ ಪರದೆ ಮೇಲೆ ನೋಡಬೇಕು. ಹೆಸರಲ್ಲ, ದಿಕ್ಕು ಮತ್ತು ದೂರ. 130 ಮೈಲಿ ಅಂತ ಬಂದ್ರೆ ಅದು ನಿಮ್ಮ ಫೈನಲ್‌ನ (ರನ್‌ವೇ ಮುಂದಿನ ಕೊನೆಯ ಹಾದಿ) ಬೀಕನ್ ಅಲ್ಲ.

ಗಾಳಿಬುಟ್ಟಿ
ಎಲ್ಲಾ ಮೀಟರ್‌ನಲ್ಲಿ ಇಟ್ಟಿದ್ರೆ ಈ ಗೊಂದಲ ಅರ್ಧ ಹೋಗ್ತಿತ್ತು. ಅಡಿ, ನಾಟ್, ನಾಟಿಕಲ್ ಮೈಲಿ, ಯಾವ ಕಾಲದ್ದು ಇದು?

ನೂರಡಿ
ಚೀನಾದಲ್ಲಿ ಮೀಟರೇ. ಅಲ್ಲಿಗೆ ಹೋಗೋ ವಿಮಾನದ ಕಿಟಕಿಯಲ್ಲಿ ಅಡಿ ಹಾಕಬೇಕಾದ್ರೆ ಚಾರ್ಟ್‌ನ ಪರಿವರ್ತನೆ ಪಟ್ಟಿ ನೋಡ್ಬೇಕು, ಅಂದ್ರೆ ಸಾಲು ತಪ್ಪೋಕೆ ಇನ್ನೊಂದು ಜಾಗ. ಅಳತೆ ಯಾವುದಾದ್ರೂ ಇರ್ಲಿ, ಎರಡು ಇರಬಾರದು. 1983ರಲ್ಲಿ ಏರ್ ಕೆನಡಾದ 767 ಪೌಂಡ್–ಕಿಲೋ ಗೊಂದಲದಿಂದ ಇಂಧನ ಖಾಲಿಯಾಗಿ ಗಿಮ್ಲಿಯಲ್ಲಿ ತೇಲಿ ಇಳೀತಲ್ಲ, ಅದೂ ಎರಡು ಅಳತೆ ಪಕ್ಕಪಕ್ಕ ಇದ್ದಿದ್ದಕ್ಕೇ.

ಕಡಲತಡಿ
ಅಳತೆಯ ವಿಷಯ ಬಂತಲ್ಲ, ಒತ್ತಡ ಬಿಡಬೇಡಿ. ಗಾಳಿಯ ಒತ್ತಡದಿಂದ ಎತ್ತರ ತೋರಿಸುವ ಆಲ್ಟಿಮೀಟರ್‌ಗೆ ಅಮೆರಿಕದಲ್ಲಿ ಪಾದರಸದ ಇಂಚು, ಬೇರೆ ಹೆಚ್ಚಿನ ಕಡೆ ಹೆಕ್ಟೊಪಾಸ್ಕಲ್. ‘ನೈನ್ ನೈನ್ ಟು’ ಅಂತ ಕಂಟ್ರೋಲರ್ ಹೇಳಿದ್ದು 992 ಹೆಕ್ಟೊಪಾಸ್ಕಲ್. ಇಂಚಿನ ಅಭ್ಯಾಸದವರ ಕೈ 29.92ಕ್ಕೆ ಹೋಗ್ತದೆ. 992 ಅಂದರೆ ನಿಜಕ್ಕೆ 29.29 ಇಂಚು. ವ್ಯತ್ಯಾಸ 600 ಅಡಿ ಹತ್ತಿರ, ಅದೂ ಕೆಟ್ಟ ದಿಕ್ಕಿಗೆ: ಮುಳ್ಳು ತೋರಿಸುವುದಕ್ಕಿಂತ ವಿಮಾನ ಕೆಳಗೆ ಇರ್ತದೆ.

ಜಿಪಿಎಸ್ ಬಂದ ಮೇಲೆ ಇದು ಮುಗಿಯಿತು ಅಂತ ಎಣಿಸಬೇಡಿ. 2022ರ ಮೇ 23, ಪ್ಯಾರಿಸ್ ಶಾರ್ಲ್ ದ ಗಾಲ್. ಐಎಲ್‌ಎಸ್ (ನೆಲದಿಂದ ಇಳಿಯುವ ದಾರಿ ತೋರಿಸುವ ರೇಡಿಯೊ) ಬಂದ್ ಇತ್ತು, ಎ320 ಒಂದು ಆರ್‌ಎನ್‌ಪಿ (ಜಿಪಿಎಸ್ ಆಧಾರದ) ಅಪ್ರೋಚ್‌ನಲ್ಲಿ ಬರ್ತಾ ಇತ್ತು. ಒತ್ತಡ 1001, ಕಂಟ್ರೋಲರ್ ಬಾಯಲ್ಲಿ ಬಂದದ್ದು 1011. ಬೇರೆ ವಿಮಾನಕ್ಕೆ ಫ್ರೆಂಚ್‌ನಲ್ಲಿ 1001 ಅಂತಲೇ ಹೇಳಿದ್ದರು. ಈ ಲಂಬ ಮಾರ್ಗ ಆಲ್ಟಿಮೀಟರ್ ಆಧಾರದ್ದು, ಹಾಗಾಗಿ ಇಡೀ ಇಳಿಜಾರೇ 280 ಅಡಿ ಕೆಳಗೆ ಜಾರಿತು. ರನ್‌ವೇಗೆ ಮುಕ್ಕಾಲು ಮೈಲಿಗಿಂತ ಚೂರು ಹೆಚ್ಚು ದೂರ ಇರುವಾಗ ನೆಲದಿಂದ 6 ಅಡಿ. ರನ್‌ವೇ ಕಾಣಲಿಲ್ಲ ಅಂತ ಗೋ-ಅರೌಂಡ್ ಹೊಡೆದರು (ಇಳಿಯದೆ ಮೇಲೆದ್ದರು), ಬಚಾವಾದರು.

ಮೋಡದಂಚು
6 ಅಡಿ?! ಪರದೆಯಲ್ಲಿ ಏನೂ ತೋರಿಸ್ಲಿಲ್ವಾ?

ಕಡಲತಡಿ
ಪರದೆಯಲ್ಲಿ ಎಲ್ಲ ನೆಟ್ಟಗೆ. ಚಾರ್ಟ್‌ನ ದೂರ–ಎತ್ತರದ ಪಟ್ಟಿ ಹಿಡಿದು ತಾಳೆ ನೋಡಿದರೂ ಸರಿಯೇ ಬರ್ತದೆ, ಯಾಕೆಂದರೆ ತಾಳೆ ನೋಡುವುದೂ ಅದೇ ತಪ್ಪು ಆಲ್ಟಿಮೀಟರ್‌ನಿಂದ. ಹಿಡಿಯಬೇಕಾದರೆ ಹೊರಗಿನ ಇನ್ನೊಂದು ಮೂಲ ಬೇಕು: ಎಟಿಐಎಸ್‌ನಿಂದ (ನಿಲ್ದಾಣದ ಹವಾಮಾನ ಪ್ರಸಾರ) ಬರೆದುಕೊಂಡ ಒತ್ತಡ, ಇಲ್ಲವೇ ರೇಡಿಯೊ ಆಲ್ಟಿಮೀಟರ್ (ರೇಡಿಯೊ ಅಲೆಯಿಂದ ನೆಲದ ದೂರ ಅಳೆಯುವುದು).

ಎಡಸೀಟು
ಡಿಎಂಇ ವಿಷಯದಲ್ಲೂ ಇದೇ ಕಥೆ. ಕೊರಿಯನ್ ಏರ್ 801, ಗ್ವಾಮ್, 1997ರ ಆಗಸ್ಟ್ 6, 254ರಲ್ಲಿ 228 ಸಾವು. ಐಎಲ್‌ಎಸ್‌ನ ಗ್ಲೈಡ್‌ಸ್ಲೋಪ್ (ಇಳಿಜಾರು ತೋರಿಸೋ ಸಂಕೇತ) ಬಂದ್ ಇತ್ತು, ಲೋಕಲೈಜರ್ (ಎಡ–ಬಲ ತೋರಿಸೋದು) ಮಾತ್ರ. ಡಿಎಂಇ ಇದ್ದಿದ್ದು ರನ್‌ವೇ ಹತ್ತಿರ ಅಲ್ಲ, 3.3 ಮೈಲಿ ಮುಂಚಿನ ನಿಮಿಟ್ಜ್ ಗುಡ್ಡದ ವಿಒಆರ್‌ನಲ್ಲಿ (ದಿಕ್ಕು ತೋರಿಸೋ ರೇಡಿಯೊ ಕೇಂದ್ರ). ಅಂದ್ರೆ ದೂರ ಸೊನ್ನೆಗೆ ಇಳಿದು ಮತ್ತೆ ಏರತ್ತೆ. ಆ ವಿಒಆರ್ ದಾಟೋವರೆಗೆ 1,440 ಅಡಿ, ದಾಟಿದ ಮೇಲೆ ಮಾತ್ರ 560. ಸೊನ್ನೆ ಅಂದ್ರೆ ರನ್‌ವೇ ಅನ್ನೋ ಅಭ್ಯಾಸ ಇರೋ ತಲೆಗೆ ಈ ಚಾರ್ಟ್ ತಿರುವುಮುರುವು. ಡಿಎಂಇ ಅಂಕಿ ಓದೋ ಮುಂಚೆ ಅದು ಯಾವ ಸ್ಟೇಷನ್‌ದು ಅಂತ ಗುರುತಿನ ಅಕ್ಷರ ನೋಡ್ಬೇಕು, ಪ್ರೊಫೈಲ್‌ನಲ್ಲಿ ದೂರದ ಪಕ್ಕದಲ್ಲೇ ಅಚ್ಚಾಗಿರತ್ತೆ.

ಗಾಳಿಬುಟ್ಟಿ
ಹಾಗಾದ್ರೆ ಇಳಿಯೋ ಮುಂಚೆ ಚಾರ್ಟ್ ಓದಿ ಬ್ರೀಫಿಂಗ್ ಅಂತ ಮಾಡ್ತಾರಲ್ಲ, ಅದರ ಪ್ರಯೋಜನ ಏನು? ಇದನ್ನೆಲ್ಲ ಅಲ್ಲೇ ಹಿಡೀಬೇಕಲ್ವಾ?

ನೂರಡಿ
ಹಿಡೀಬೇಕು. ಆದ್ರೆ ಮಂತ್ರ ಒಪ್ಪಿಸಿದ ಹಾಗೆ ಮಾಡಿದ್ರೆ ಏನೂ ಹಿಡಿಯಲ್ಲ. ಕೆಲಸಕ್ಕೆ ಬರೋ ಕ್ರಮ ಹೀಗೆ.

ಮೊದಲು ಚಾರ್ಟ್‌ನ ಹೆಸರು, ಸಂಖ್ಯೆ, ಜಾರಿಯ ದಿನಾಂಕ. ಮಾಹಿತಿ 28 ದಿನಕ್ಕೊಮ್ಮೆ ಬದಲಾಗತ್ತೆ, ವಿಮಾನದ ಡೇಟಾಬೇಸ್ ಮತ್ತು ಚಾರ್ಟ್ ಒಂದೇ ಸುತ್ತಿನವಾ ನೋಡಿ. ಹೆಸರಿನ ಕೊನೆಯ ಅಕ್ಷರ ಬಿಡಬೇಡಿ: ಒಂದೇ ರನ್‌ವೇಗೆ ‘ಐಎಲ್‌ಎಸ್ ಝಡ್’ ಮತ್ತು ‘ಐಎಲ್‌ಎಸ್ ವೈ’ ಇರಬಹುದು, ಫೈನಲ್ ಒಂದೇ ಆದ್ರೂ ಮಿಸ್ಡ್ ಅಪ್ರೋಚ್ (ಇಳಿಯದೆ ವಾಪಸ್ ಏರೋ ಮಾರ್ಗ) ಬೇರೆ. ಇಳಿಯೋವರೆಗೆ ವ್ಯತ್ಯಾಸ ಗೊತ್ತೇ ಆಗಲ್ಲ, ಗೋ-ಅರೌಂಡ್ ಮಾಡಿದಾಗ ಗೊತ್ತಾಗತ್ತೆ.

ಆಮೇಲೆ ಒಬ್ಬರು ಚಾರ್ಟ್‌ನಿಂದ ಓದೋದು, ಇನ್ನೊಬ್ಬರು ಎಫ್‌ಎಂಎಸ್ ಪುಟದಲ್ಲಿ ನೋಡಿ ಹೌದು ಅನ್ನೋದು. ಪ್ರತಿ ಫಿಕ್ಸ್‌ನ ಹೆಸರು, ಟ್ರ್ಯಾಕ್, ದೂರ, ಎತ್ತರ, ಕೊನೆಗೆ ಇಳಿಜಾರಿನ ಕೋನ. ದಿಕ್ಕು ಮುಖ್ಯ: ಚಾರ್ಟ್‌ನಿಂದ ಯಂತ್ರಕ್ಕೆ. ಯಂತ್ರದಿಂದ ಓದಿ ಚಾರ್ಟ್‌ನಲ್ಲಿ ಹುಡುಕಿದ್ರೆ ಯಂತ್ರದಲ್ಲಿ ಇಲ್ಲದ್ದು ಕಾಣೋದೇ ಇಲ್ಲ. ತುಲುವಾ ಹಾಗೇ ಕಳೆದುಹೋಯ್ತು.

ಮಿನಿಮಾ (ರನ್‌ವೇ ಕಾಣದೆ ಇಳಿಯಬಹುದಾದ ಕನಿಷ್ಠ ಎತ್ತರ) ಬಂದಾಗ ಡಿಎ ಅಥವಾ ಎಂಡಿಎ ಅನ್ನೋದು ಸ್ಪಷ್ಟ ಆಗ್ಬೇಕು. ಡಿಎ ಅಂದ್ರೆ ಅಲ್ಲಿ ನಿರ್ಧಾರ, ಗೋ-ಅರೌಂಡ್ ಶುರು ಮಾಡುವಾಗ ವಿಮಾನ ಸ್ವಲ್ಪ ಕೆಳಗೆ ಕುಸಿಯೋಕೆ ಲೆಕ್ಕದಲ್ಲಿ ಜಾಗ ಇದೆ. ಎಂಡಿಎ ಅಂದ್ರೆ ಒಂದಡಿಯೂ ಕೆಳಗಿಲ್ಲ. ಆವರಣದಲ್ಲಿ ಇರೋ ಅಂಕಿ ರನ್‌ವೇ ಇಲ್ಲವೇ ನಿಲ್ದಾಣದ ಮಟ್ಟದಿಂದ ಎತ್ತರ, ಆವರಣದ ಹೊರಗಿನದ್ದು ಸಮುದ್ರಮಟ್ಟದಿಂದ. ಕೆಲವು ಚಾರ್ಟ್‌ನಲ್ಲಿ ಎರಡು ಸಾಲು ಮಿನಿಮಾ ಇರತ್ತೆ, ಮಿಸ್ಡ್ ಅಪ್ರೋಚ್‌ನಲ್ಲಿ 2.5 ಶೇಕಡ ಏರೋಕೆ ಆಗೋರಿಗೆ ಒಂದು, ಅದಕ್ಕಿಂತ ಕಡಿದಾಗಿ ಏರಬಲ್ಲವರಿಗೆ ಇನ್ನೊಂದು. ಕಣ್ಣು ಸಹಜವಾಗಿ ಕಮ್ಮಿ ಅಂಕಿಗೇ ಹೋಗತ್ತೆ.

ಬಯಲುಗಾಳಿ
ವಿಮಾನದ ವರ್ಗದ ಸಾಲೂ ಸೇರಿಸ್ರಿ. ಥ್ರೆಶೋಲ್ಡ್ (ರನ್‌ವೇ ಶುರುವಾಗೂ ಅಂಚು) ದಾಟೂ ವೇಗ 121ರಿಂದ 140 ನಾಟ್ ಇದ್ರ ಸಿ, 141ರಿಂದ 165 ಇದ್ರ ಡಿ. ಬುಸಾನ್‌ನ್ಯಾಗ 2002ರ ಏಪ್ರಿಲ್ 15ಕ್ಕ ಏರ್ ಚೀನಾ 129 ಸರ್ಕ್ಲಿಂಗ್ (ರನ್‌ವೇ ನೋಡಕೊಂತ ಸುತ್ತು ಹಾಕಿ ಇಳಿಯೂದು) ಮಾಡುವಾಗ ಗುಡ್ಡಕ್ಕ ಬಡೀತು, 129 ಸಾವು. ಆ 767ಕ್ಕ ಅನ್ವಯ ಆಗೂ ಹವಾಮಾನದ ಮಿತಿ ಏನು ಅಂತ ಸಿಬ್ಬಂದಿಗೆ ಗೊತ್ತಿರಲಿಲ್ಲ. ಸರ್ಕ್ಲಿಂಗ್ ಒಳಗ ಇನ್ನೊಂದು ಗುಂಡಿ ಐತಿ: ಐಸಿಎಒ (ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ) ಪದ್ಧತಿಯೊಳಗ ಸಿ ವರ್ಗಕ್ಕ ರಕ್ಷಣೆ ಇರೂ ಜಾಗ 4.2 ಮೈಲಿ, ಅಮೆರಿಕದ ಹಳೇ ಪದ್ಧತಿಯೊಳಗ ಬರೇ 1.7. ಚಾರ್ಟ್ ನೋಡಾಕ ಎರಡೂ ಒಂದ ಥರ. 4 ಮೈಲಿ ಅಂತ ತಿಳಕೊಂಡು 1.7ರ ಚಾರ್ಟ್ ಮ್ಯಾಲೆ ಅಗಲಕ್ಕ ಹೋದ್ರ ಕೆಳಗ ಏನೈತಿ ಅಂತ ಯಾರೂ ಅಳದಿಲ್ಲ.

ಹಳದಿಗೆರೆ
ಈಗೆಲ್ಲ ಟ್ಯಾಬ್ಲೆಟ್. ಅಕ್ಷರ ದೊಡ್ಡದು ಮಾಡ್ಕೊಂಡು ಓದಬಹುದು. ಕಾಗದದ ಕಾಲದ ಸಮಸ್ಯೆ ಇವು.

ಎಡಸೀಟು
ದೊಡ್ಡದು ಮಾಡಿದ್ರೆ ಅಂಚು ಹೊರಗೆ ಹೋಗತ್ತೆ ಸ್ವಾಮಿ. ಟಿಪ್ಪಣಿ ಇರೋದೇ ಅಂಚಿನಲ್ಲಿ. ‘ಈ ಅಪ್ರೋಚ್ ರಾತ್ರಿ ಇಲ್ಲ’, ‘ಡಿಎಂಇ ಕಡ್ಡಾಯ’, ‘ಈ ತಾಪಮಾನಕ್ಕಿಂತ ಕೆಳಗೆ ಬಳಸಬೇಡಿ’, ಎಲ್ಲ ಅಲ್ಲೇ. ಪ್ರೊಫೈಲ್ ತುಂಬಿಸಿ ನೋಡ್ತಾ ಇದ್ರೆ ಪ್ಲಾನ್ ಚಿತ್ರದ 3,400 ಕಾಣಲ್ಲ, ಟಿಡಬ್ಲ್ಯೂಎ ಮತ್ತೆ ಮೊದಲಿಂದ. ಬ್ರೀಫಿಂಗ್ ಮುಗಿಯೋವರೆಗೆ ಪೂರ್ತಿ ಪುಟ, ಆಮೇಲೆ ಬೇಕಾದ್ರೆ ಹಿಗ್ಗಿಸಿ.

ನೂರಡಿ
ಅಂಚಿನಲ್ಲಿ ಹುದುಗಿದ ವಿಷಯ ಅಂದ್ರೆ ಸ್ಯಾನ್ ಫ್ರಾನ್ಸಿಸ್ಕೊ. 2017ರ ಜುಲೈ 7ರ ರಾತ್ರಿ ಏರ್ ಕೆನಡಾ 759, ರನ್‌ವೇ 28 ಬಲ ಅಂದ್ಕೊಂಡು ಪಕ್ಕದ ಟ್ಯಾಕ್ಸಿವೇಗೆ ಇಳೀತಾ ಇತ್ತು. ಅಲ್ಲಿ ನಾಲ್ಕು ವಿಮಾನ ಸಾಲಾಗಿ ನಿಂತಿದ್ವು. ಸುಮಾರು 60 ಅಡಿವರೆಗೆ ಬಂದು ಮೇಲೆದ್ದಿತು. 28 ಎಡ ಮುಚ್ಚಿದೆ ಅನ್ನೋ ನೋಟಾಮ್ (ಪೈಲಟ್‌ಗಳಿಗೆ ಕೊಡೋ ಸೂಚನೆ) 27 ಪುಟದ ಕಟ್ಟಿನಲ್ಲಿ 8ನೇ ಪುಟದಲ್ಲಿತ್ತು. ಎಡದ ರನ್‌ವೇ ದೀಪ ಆರಿದ್ದಕ್ಕೆ ಬಲದ ರನ್‌ವೇನೇ ಎಡದ್ದು ಅನ್ನಿಸ್ತು, ಟ್ಯಾಕ್ಸಿವೇ ಬಲದ್ದು ಅನ್ನಿಸ್ತು. ತಾಳೆಗೆ ಐಎಲ್‌ಎಸ್ ಫ್ರೀಕ್ವೆನ್ಸಿ ಕೈಯಿಂದ ಹಾಕಬೇಕು ಅಂತ ಚಾರ್ಟ್‌ನಲ್ಲಿತ್ತು. ಆ ಕಂಪನಿಯ ಎ320 ಡೇಟಾಬೇಸ್‌ನಲ್ಲಿ ಹಾಗೆ ಕೈಯಿಂದ ಹಾಕಬೇಕಾದ ಅಪ್ರೋಚ್ ಅದೊಂದೇ. ಬೇರೆಲ್ಲ ಕಡೆ ತಾನಾಗೇ ಬರೋದು ಇಲ್ಲಿ ಬರ್ಲಿಲ್ಲ, ಬರ್ಲಿಲ್ಲ ಅಂತ ಹೇಳೋರೂ ಇರ್ಲಿಲ್ಲ.

ಗಾಳಿಬುಟ್ಟಿ
ನೆಲದ ಮೇಲೂ ಹೀಗಾಗತ್ತಾ?

ಬಯಲುಗಾಳಿ
ಆಗತೈತಿ. 2006ರ ಆಗಸ್ಟ್ 27, ಲೆಕ್ಸಿಂಗ್ಟನ್, ಕಾಮೇರ್ 5191. 7,003 ಅಡಿ ಉದ್ದದ ರನ್‌ವೇ 22ರ ಬದಲು 3,500 ಅಡಿಯ 26ರಿಂದ ಓಡಿದ್ರು. 50 ಮಂದಿಯೊಳಗ ಒಬ್ಬರು ಉಳದ್ರು. ಟ್ಯಾಕ್ಸಿವೇ ಕೆಲಸ ನಡದಿತ್ತು, ಕೈಯಾಗಿನ ಚಾರ್ಟ್‌ಗೂ ನೆಲಕ್ಕೂ ತಾಳೆ ಇರಲಿಲ್ಲ. ದಿಕ್ಸೂಚಿ ಮಾತ್ರ 40 ಡಿಗ್ರಿ ವ್ಯತ್ಯಾಸ ತೋರಿಸ್ತಿತ್ತು. ಥ್ರಾಟಲ್ ಮುಟ್ಟೂಕಿಂತ ಮುಂಚೆ ರನ್‌ವೇ ಸಂಖ್ಯೆ, ದಿಕ್ಸೂಚಿ, ಹೆಡಿಂಗ್ ಬಗ್ (ಹೋಗಬೇಕಾದ ದಿಕ್ಕಿಗೆ ಇಟ್ಟ ಗುರುತು) ಮೂರೂ ಒಂದ ಆಗಬೇಕು. ಎರಡು ಸೆಕೆಂಡ್ ಕೆಲಸ.

ಮೋಡದಂಚು
ತುಂಬಾ ಕಲಿತೆ. ಕೊನೆಗೊಂದು ಪ್ರಶ್ನೆ, ಕಠ್ಮಂಡುಗೇ ವಾಪಸ್. 3 ಡಿಗ್ರಿ ಇಳಿಜಾರಿಗೆ ಮೈಲಿಗೆ 300 ಅಡಿ ಅನ್ನೋ ಬಾಯಿಲೆಕ್ಕ ಇದೆಯಲ್ಲ. ಪಿಐಎ ಪೈಲಟ್‌ಗಳು ಅದನ್ನ ಹಾಕಿ ನೋಡಿದ್ರೆ ಕೆಳಗಿದೀವಿ ಅಂತ ಗೊತ್ತಾಗ್ತಿತ್ತಲ್ವಾ?

ಎಡಸೀಟು
ಹಾಕಿ ನೋಡೋಣ. ವಿಮಾನ ನಿಲ್ದಾಣದ ಎತ್ತರ 4,390 ಅಡಿ. 10 ಮೈಲಿಗೆ 3,000 ಸೇರಿಸಿ, 7,390. ಅವರು 8,200ರಲ್ಲಿದ್ರು. ಬಾಯಿಲೆಕ್ಕದ ಪ್ರಕಾರ 800 ಅಡಿ ಮೇಲಿದ್ರು, ಇನ್ನೂ ಇಳೀಬಹುದು! ಗುಡ್ಡಕ್ಕೆ ಬಡಿದಿದ್ದು ಸುಮಾರು 7,300 ಅಡಿಯಲ್ಲಿ.

ಚಾರ್ಟ್ ಕೇಳ್ತಿದ್ದ 9,500 ಅಂದ್ರೆ ಮೈಲಿಗೆ 500 ಅಡಿ ಮೇಲೆ, ಮಾಮೂಲಿಗಿಂತ ತುಂಬಾ ಕಡಿದು. ತಪ್ಪು ಸಾಲಿನ ಅಂಕಿಯೇ ಅಭ್ಯಾಸದ ಕಣ್ಣಿಗೆ ಸರಿಯಾಗಿ ಕಾಣೋ ಜಾಗ ಅದು.

ಮೋಡದಂಚು
ಅಯ್ಯೋ. ಹಾಗಾದ್ರೆ ಅಂಥ ಕಡೆ ಏನು ಮಾಡೋದು?

ಎಡಸೀಟು
ಎತ್ತರದ ಕಿಟಕಿಯಲ್ಲಿ ಈಗಿನ ಮೆಟ್ಟಿಲಿನ ಅಂಕಿ ಮಾತ್ರ. ಮುಂದಿನದನ್ನ ಮುಂಚಿತವಾಗಿ ಹಾಕಿಡಬಾರದು. ಹಾರಿಸದೆ ಇರೋರು ಗಟ್ಟಿಯಾಗಿ ಹೇಳಬೇಕು: ‘10 ಡಿಎಂಇವರೆಗೆ 9,500’. ಫಿಕ್ಸ್‌ನ ದೂರ ಮೊದಲು, ಎತ್ತರ ಆಮೇಲೆ, ಎರಡೂ ಒಂದೇ ಉಸಿರಲ್ಲಿ. ಡಿಎಂಇ ನಿಜವಾಗಿ 10 ತೋರಿಸಿ ದಾಟಿದ ಮೇಲೆ ‘ಸಿಯೆರ್ರಾ ದಾಟಿತು, ಮುಂದಿನದು’ ಅಂತ ಇಬ್ಬರೂ ಚಾರ್ಟ್ ಮೇಲೆ ಬೆರಳಿಟ್ಟು ನೋಡಿ, ಆಗ ಕಿಟಕಿ ಬದಲಾಯಿಸೋದು.

ಹಳದಿಗೆರೆ
ಸರಿ, ಆತುರ ಅಂದಿದ್ದು ವಾಪಸ್ ತಗೊಂಡೆ. ಅರ್ಧ.